ಗುಜರಿ ಬುಕ್ಕು ಅಂದರೂ ಪರವಾಗಿಲ್ಲ

ಹಿಂದಿನ ಸಂಚಿಕೆಯಲ್ಲಿ ಸ್ಕ್ರ್ಯಾಪ್‌ಬುಕ್ ಬಗ್ಗೆ ಅರ್ಧ ಪುಟ ಬರೆದಿದ್ದೆ. ಫೋಟೊ, ಟಿಕೆಟ್ಟು, ಪತ್ರ, ಮದುವೆ ಕಾರ್ಡು, ಹೀಗೆ ಮನೆಯ ಡ್ರಾಯರಿನಲ್ಲಿ ಬಿದ್ದಿರುವುದನ್ನು ಒಂದು ಪುಸ್ತಕದಲ್ಲಿ ಅಂಟಿಸಿ, ಪಕ್ಕದಲ್ಲಿ ನಾಲ್ಕು ಮಾತು ಬರೆದಿಡುವ ಹವ್ಯಾಸ ಅಂತ. ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಈ ಅಂಕಣಕ್ಕೆ ಸಾಮಾನ್ಯವಾಗಿ ಕ್ರೋಶಾ, ಕಸೂತಿ, ಉಲ್ಲನ್ ತೋರಣದ ಪ್ರಶ್ನೆಗಳೇ ಜಾಸ್ತಿ. ಅವನ್ನೆಲ್ಲ ಮುಂದಿನ ತಿಂಗಳಿಗೆ ಇಟ್ಟುಕೊಂಡು ಈ ಸಲ ಬರೀ ಇದಕ್ಕೇ ಉತ್ತರ ಬರೆಯುತ್ತಿದ್ದೇನೆ. ಹೆಸರು ಹಾಕಬೇಡಿ ಅಂದವರೇ ಹೆಚ್ಚು, ಹಾಗಾಗಿ ಎಲ್ಲರದ್ದೂ ಊರು ಮಾತ್ರ ಇದೆ.

ಅಕ್ಕಾ, ನೀವು ಬರೆದಿದ್ದು ಓದಿ ನಾನೂ ಶುರು ಮಾಡಿದೆ. ಹಳೇ ಟಿಕೆಟ್ಟು, ರಸೀದಿ, ಗ್ರೀಟಿಂಗ್ ಕಾರ್ಡು ಎಲ್ಲಾ ಹಾಲ್‌ನಲ್ಲಿ ಹರಡಿಕೊಂಡು ಕೂತಿದ್ದೆ. ನಮ್ಮೆಜಮಾನ್ರು ಬಂದವರೇ 'ಏನಿದು, ಗುಜರಿ ಬುಕ್ಕಾ?' ಅಂದ್ರು. ಅತ್ತೇನೂ ನಕ್ಕರು. ಇದು ಹವ್ಯಾಸಾನಾ, ಇಲ್ಲಾ ಕಸ ಕೂಡಿಡೋದಾ?
— ಮಂಡ್ಯ

ನಿಮ್ಮ ಯಜಮಾನರು ತಮಾಷೆ ಮಾಡಲು ಹೋಗಿ ಸರಿಯಾದ ಕನ್ನಡ ಪದವನ್ನೇ ಕೊಟ್ಟಿದ್ದಾರೆ. ಇನ್ನು ಮೇಲೆ ನಾನೂ ಗುಜರಿ ಬುಕ್ಕು ಅಂತಲೇ ಕರೆಯುತ್ತೇನೆ. ಅವರಿಗೆ ಇಷ್ಟು ಹೇಳಿ: ಮಾರ್ಕ್ ಟ್ವೇನ್ ಅಂತ ಅಮೆರಿಕದ ದೊಡ್ಡ ಲೇಖಕ ಇದ್ದರಲ್ಲ, ಅವರಿಗೆ ಈ ಗುಜರಿಯ ಹುಚ್ಚು ಎಷ್ಟಿತ್ತು ಅಂದರೆ, 1873ರಲ್ಲಿ ತಾನೇ ಅಂಟಿಕೊಳ್ಳುವ ಸ್ಕ್ರ್ಯಾಪ್‌ಬುಕ್ಕಿಗೆ ಪೇಟೆಂಟನ್ನೇ ತೆಗೆದುಕೊಂಡರು. ಪುಟಗಳಿಗೆ ಮೊದಲೇ ಗೋಂದು ಬಳಿದಿರುತ್ತಿತ್ತು. ಅಂಚೆ ಚೀಟಿಯ ಹಾಗೆ ಒದ್ದೆ ಮಾಡಿ ಒತ್ತಿದರಾಯಿತು. ಚೆನ್ನಾಗಿಯೇ ಮಾರಾಟವೂ ಆಯಿತು. ಈಗಿನ ಥರದ ಹವ್ಯಾಸ ಜೋರಾಗಿದ್ದು ಮಾತ್ರ ತುಂಬಾ ಆಮೇಲೆ. 1980ರಲ್ಲಿ ಯೂಟಾ ರಾಜ್ಯದ ಮೇರಿಯೆಲೆನ್ ಕ್ರಿಸ್ಟೆನ್ಸನ್ ಅನ್ನುವ ಗೃಹಿಣಿ ತಮ್ಮ ಮನೆಯವರ ಬಗ್ಗೆ ಮಾಡಿದ್ದ ಐವತ್ತರಷ್ಟು ಪುಸ್ತಕಗಳನ್ನು ಒಂದು ಸಮ್ಮೇಳನದಲ್ಲಿ ಪ್ರದರ್ಶನಕ್ಕಿಟ್ಟರು, ಅಲ್ಲಿಂದ ಅದು ಹಬ್ಬಿತು.

ನಮ್ಮಲ್ಲೂ ಇತ್ತು, ಹೆಸರು ಇರಲಿಲ್ಲ ಅಷ್ಟೆ. ನಮ್ಮ ಸೋದರತ್ತೆ ವಾರಪತ್ರಿಕೆಯ ಧಾರಾವಾಹಿಗಳನ್ನು ಕತ್ತರಿಸಿ ಬೈಂಡ್ ಮಾಡಿಸುತ್ತಿದ್ದರು. ಕಂತಿನ ಹಿಂದೆ ಬಿದ್ದ ಸೋಪಿನ ಜಾಹೀರಾತು, ಅಡುಗೆ ಪುಟ ಎಲ್ಲವೂ ಜೊತೆಗೇ ಬರುತ್ತಿತ್ತು. ಈಗ ಆ ಪುಸ್ತಕ ತೆಗೆದರೆ ಕಥೆ ಯಾರೂ ಓದುವುದಿಲ್ಲ, ಜಾಹೀರಾತು ನೋಡುತ್ತಾರೆ.

ಕಸಕ್ಕೂ ಇದಕ್ಕೂ ಇರುವ ವ್ಯತ್ಯಾಸ ಬರವಣಿಗೆಯದು. ಬರೆಯದೆ ಸುಮ್ನೆ ಅಂಟಿಸುತ್ತಾ ಹೋದರೆ ಯಜಮಾನರು ಹೇಳಿದ್ದೇ ಸರಿ. ಯಾವ ದಿನ, ಯಾರ ಜೊತೆ, ಅವತ್ತು ಏನಾಯಿತು, ಇಷ್ಟು ಬರೆದರೆ ಮೂರು ರೂಪಾಯಿ ಟಿಕೆಟ್ಟೂ ಸಾಕ್ಷಿಯಾಗುತ್ತದೆ. ಅಂದ ಹಾಗೆ ಮೊದಲ ಪುಟದಲ್ಲಿ ಯಜಮಾನರ ಮೊದಲ ಸಂಬಳದ ಚೀಟಿ ಹಾಕಿ ನೋಡಿ. ಆಮೇಲೆ ಗುಜರಿ ಅನ್ನುತ್ತಾರಾ ನೋಡೋಣ.

ಆನ್‌ಲೈನ್‌ನಲ್ಲಿ ಸ್ಕ್ರ್ಯಾಪ್‌ಬುಕ್ ಕಿಟ್ ನೋಡಿದೆ. ವಾಶಿ ಟೇಪು, ಡೈ ಕಟ್ಟು, ಗ್ಲಿಟರ್ ಪೆನ್ನು, ಸ್ಟಿಕ್ಕರ್ರು ಅಂತ ಒಂದು ಡಬ್ಬಿ ತುಂಬಾ ಇದೆ. ಎಲ್ಲದರ ಮೇಲೂ ಆಸಿಡ್ ಫ್ರೀ ಅಂತ ಬರೆದಿರುತ್ತಾರೆ. ಹಾಗಂದರೇನು? ಎಲ್ಲವನ್ನೂ ಕೊಳ್ಳಲೇಬೇಕಾ?
— ಕುವೆಂಪುನಗರ, ಮೈಸೂರು

ಕೊಳ್ಳಬೇಡಿ. ಈ ಹವ್ಯಾಸದಲ್ಲಿ ಎಲ್ಲರೂ ಮೊದಲು ಮಾಡುವ ತಪ್ಪೇ ಇದು. ಅಲಂಕಾರಕ್ಕೆ ದುಡ್ಡು ಸುರಿದು, ಕಾಗದ ಮತ್ತು ಅಂಟಿನಲ್ಲಿ ಉಳಿತಾಯ ಮಾಡುತ್ತಾರೆ. ಆಗಬೇಕಾದ್ದು ಉಲ್ಟಾ.

ಇವತ್ತಿನ ದಿನಪತ್ರಿಕೆಯ ಒಂದು ಹಾಳೆಯನ್ನು ತಾರಸಿ ಮೇಲೆ ಬಿಸಿಲಿಗಿಟ್ಟು, ಅರ್ಧಕ್ಕೆ ಒಂದು ಇಟ್ಟಿಗೆ ಮುಚ್ಚಿ, ಎರಡು ಮೂರು ದಿನ ಬಿಡಿ. ಬಿಸಿಲು ಬಿದ್ದ ಅರ್ಧ ಹಳದಿಯಾಗಿರುತ್ತದೆ. ಮರದಲ್ಲಿ ಲಿಗ್ನಿನ್ ಅನ್ನುವ ಪದಾರ್ಥ ಇರುತ್ತದೆ. ಮರವನ್ನು ಸುಮ್ನೆ ಅರೆದು ಮಾಡಿದ ಅಗ್ಗದ ಕಾಗದದಲ್ಲಿ ಅದು ಹಾಗೇ ಉಳಿದುಬಿಡುತ್ತದೆ. ಬೆಳಕು, ಗಾಳಿ ತಾಗಿದಂತೆ ಬಣ್ಣ ತಿರುಗಿ ಆಮ್ಲ ಹುಟ್ಟುತ್ತದೆ, ಕಾಗದ ಹಪ್ಪಳದಂತೆ ಮುರಿಯತೊಡಗುತ್ತದೆ. ಅದು ಅಲ್ಲಿಗೇ ನಿಂತರೂ ಪರವಾಗಿರಲಿಲ್ಲ, ಪಕ್ಕದ ಫೋಟೊಗೂ, ಎದುರು ಪುಟಕ್ಕೂ ದಾಟುತ್ತದೆ. ಆಸಿಡ್ ಫ್ರೀ ಅಂದರೆ ಆ ಆಮ್ಲ ಇಲ್ಲದ ಕಾಗದ. ಲಿಗ್ನಿನ್ ಫ್ರೀ ಅಂತಲೂ ಬರೆದಿದ್ದರೆ ಇನ್ನೂ ಒಳ್ಳೆಯದು. ಇದಕ್ಕೆ ಮಾತ್ರ ನಾಲ್ಕು ಕಾಸು ಜಾಸ್ತಿ ಕೊಡಿ.

ಕಾಗದದ ತೂಕವನ್ನು ಜಿಎಸ್‌ಎಂ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಅಂತ. ಜೆರಾಕ್ಸ್ ಹಾಳೆ 70ರಿಂದ 80 ಜಿಎಸ್‌ಎಂ, ಅದಕ್ಕೆ ಫೋಟೊ ಅಂಟಿಸಿದರೆ ಬಾಗುತ್ತದೆ. ನಿಮಗೆ ಬೇಕಿರುವುದು 200ರಿಂದ 300. ಹೊರದೇಶದ ಆಲ್ಬಂಗಳು ಹೆಚ್ಚಾಗಿ 12 ಇಂಚು ಉದ್ದ, 12 ಇಂಚು ಅಗಲ. ನೋಡಲು ಚೆಂದ. ಆದರೆ ಆ ಅಳತೆಯ ಕವರು, ಹಾಳೆ ನಮ್ಮ ಅಂಗಡಿಗಳಲ್ಲಿ ಹುಡುಕುವುದೇ ಒಂದು ಕೆಲಸ. ಎ4 ಅಳತೆಯಲ್ಲಿ ಮಾಡಿ. ಹಾಳೆ ಎಲ್ಲ ಕಡೆ ಸಿಗುತ್ತದೆ, ಮನೆಯ ಪ್ರಿಂಟರಿಗೂ ಹೊಂದುತ್ತದೆ, ನಿಮ್ಮ ಬೀದಿಯ ಜೆರಾಕ್ಸ್ ಅಂಗಡಿಯವರೇ ಸ್ಪೈರಲ್ ಹಾಕಿಕೊಡುತ್ತಾರೆ.

ಸ್ಪೈರಲ್ ಯಾಕೆ ಅಂದರೆ, ಮಾಮೂಲಿ ಬೈಂಡ್ ಮಾಡಿದ ನೋಟ್‌ಬುಕ್ಕಿನಲ್ಲಿ ಪ್ರತಿ ಪುಟಕ್ಕೂ ಏನಾದರೂ ಅಂಟಿಸುತ್ತಾ ಹೋದರೆ ಅರ್ಧ ಮುಗಿಯುವಷ್ಟರಲ್ಲಿ ಪುಸ್ತಕ ಬಸುರಿಯ ಹೊಟ್ಟೆಯಂತೆ ಉಬ್ಬಿ, ರಟ್ಟು ಬಾಯಿ ಮುಚ್ಚುವುದೇ ಇಲ್ಲ. ಸ್ಪೈರಲ್ ಹಾಕಿಸುವಾಗ ಎರಡು ಹಾಳೆಗಳ ನಡುವೆ ಒಂದಿಂಚಿನ ಪಟ್ಟಿಯನ್ನೂ ಸೇರಿಸಿ ತೂತು ಹಾಕಿಸಿ. ಅಂಟಿಸುವ ವಸ್ತುವಿಗೆ ಜಾಗ ಅಲ್ಲೇ ಸಿಕ್ಕಿಬಿಡುತ್ತದೆ. ಅಂಗಡಿಯವರು ಒಂಥರಾ ನೋಡುತ್ತಾರೆ, ನೋಡಲಿ ಬಿಡಿ.

ಅಲಂಕಾರಕ್ಕೆ ಮದುವೆ ಕಾರ್ಡುಗಳಿಗಿಂತ ಒಳ್ಳೆಯದು ಯಾವ ಕಿಟ್ಟಿನಲ್ಲೂ ಇಲ್ಲ. ಚಿನ್ನದ ಅಚ್ಚಿನ ಗಣಪತಿ, ಉಬ್ಬು ಹೂವು, ಮಖಮಲ್ಲಿನಂಥ ಕಾಗದ, ಲೇಸು, ಎಲ್ಲಾ ಅಲ್ಲೇ ಇರುತ್ತದೆ. ವರ್ಷಕ್ಕೆ ಎಷ್ಟು ಬರುತ್ತವೆ ಮನೆಗೆ! ಪ್ರೆಸ್ಸುಗಳಲ್ಲಿ ಕಟಿಂಗ್ ಮಿಷಿನ್ನಿನಿಂದ ಬಿದ್ದ ಬಣ್ಣದ ಪಟ್ಟಿಗಳನ್ನು ಕೇಳಿದರೆ ಸುಮ್ಮನೆ ಕೊಡುತ್ತಾರೆ. ಉಪಕರಣ ಅಂದರೆ ಒಂದು ಒಳ್ಳೆ ಕತ್ತರಿ, ಒಂದು ಕಟರ್, ಸ್ಟೀಲ್ ಸ್ಕೇಲು. ಪ್ಲಾಸ್ಟಿಕ್ ಸ್ಕೇಲಿಟ್ಟು ಕಟರ್ ಎಳೆದರೆ ಸ್ಕೇಲೂ ಹೋಗುತ್ತದೆ, ಬೆರಳೂ ಹೋಗುತ್ತದೆ. ಕೆಳಗೆ ದಪ್ಪ ರಟ್ಟು ಹಾಕಿಕೊಳ್ಳಿ. ಮಡಿಕೆ ಗೆರೆ ನೀಟಾಗಿ ಕೂರಿಸಲು ಚಮಚದ ಬೆನ್ನು ಸಾಕು. ವಾಶಿ ಟೇಪು ಜಪಾನಿನ ಕಾಗದದ ಟೇಪು, ಮುದ್ದಾಗಿರುತ್ತದೆ, ಒಂದೆರಡು ತಗೊಳ್ಳಿ ಬೇಕಾದರೆ. ಆದರೆ ಅದು ಸುಲಭವಾಗಿ ಕಿತ್ತು ಬರಲಿ ಅಂತಲೇ ಮಾಡಿದ ಟೇಪು, ಅದೊಂದನ್ನೇ ನಂಬಿ ಫೋಟೊ ನಿಲ್ಲಿಸಬೇಡಿ.

ಮನೆಯಲ್ಲೇ ಮೈದಾ ಅಂಟು ಮಾಡಿಕೊಳ್ಳಿ, ಸಾಕು ಅಂತ ಹಿಂದಿನ ಸಲ ಬರೆದಿದ್ದೀರಿ. ನಾನು ಮೂವತ್ತು ವರ್ಷದಿಂದ ಬೈಂಡಿಂಗ್ ಕೆಲಸದಲ್ಲಿದ್ದೇನೆ. ಬರೀ ಮೈದಾ ಹಚ್ಚಿದರೆ ಜಿರಲೆ, ಹುಳ ಬಿಡುತ್ತವಾ? ನಾವು ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕುತ್ತೇವೆ. ಹೇಳಿದರೆ ಪೂರ್ತಿ ಹೇಳಿ.
— ಅಗ್ರಹಾರ, ಮೈಸೂರು

ಒಪ್ಪಿಕೊಂಡೆ ಸ್ವಾಮಿ, ಅರ್ಧ ಹೇಳಿದ್ದು ನನ್ನ ತಪ್ಪೇ. ಪೂರ್ತಿ ಇಲ್ಲಿದೆ.

ಒಂದು ಲೋಟ ಮೈದಾಕ್ಕೆ ನಾಲ್ಕೈದು ಲೋಟ ನೀರು, ಗಂಟಿಲ್ಲದಂತೆ ಕಲಸಿ ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಬೇಕು. ಹಾಲಿನ ಬಿಳುಪು ಹೋಗಿ ಗಂಜಿಯಂತೆ ಹೊಳಪು ಬಂದಾಗ ಇಳಿಸುವುದು. ಎರಡು ಮೂರು ದಿನಕ್ಕೆ ಹುಳಿ ವಾಸನೆ ಬರುತ್ತದೆ, ಆಗ ಚೆಲ್ಲಿ. ಬೈಂಡಿಂಗಿನವರು ಅದಕ್ಕೆ ಚೂರು ಮೈಲುತುತ್ತ ಸೇರಿಸುವುದು ಹುಳ ಬರದಿರಲಿ ಅಂತ. ರಟ್ಟಿಗೆ, ಕ್ಯಾಲಿಕೋ ಬಟ್ಟೆಗೆ, ಲೆಕ್ಕದ ಪುಸ್ತಕಕ್ಕೆ ಅದು ಸರಿ. ಆದರೆ ಮನೆಯವರು ದಯವಿಟ್ಟು ಹಾಕಬೇಡಿ. ಮೈಲುತುತ್ತ ವಿಷ. ಅಡುಗೆಮನೆಯ ಪಾತ್ರೆಯಲ್ಲಿ, ಮಕ್ಕಳು ಓಡಾಡುವ ಕಡೆ ಅದರ ಸಹವಾಸ ಬೇಡ. ಜೊತೆಗೆ ಅದರಲ್ಲಿ ತಾಮ್ರವೂ ಇದೆ, ಆಮ್ಲವೂ ಇದೆ, ಎರಡೂ ಫೋಟೊಗೆ ಆಗಿಬರುವುದಿಲ್ಲ.

ಹಾಗಾಗಿ ನನ್ನ ತಿದ್ದುಪಡಿ: ಹೊರಗಿನ ರಟ್ಟಿಗೆ ಮೈದಾ ಅಂಟು ಬಳಸಬಹುದು. ಪುಟಕ್ಕೆ ಪುಟ, ಕಾರ್ಡಿಗೆ ಪುಟ ಅಂಟಿಸಲು ಅಂಗಡಿಯಲ್ಲಿ ಸಿಗುವ ಬಿಳಿ ಅಂಟು ತೆಳ್ಳಗೆ, ಬ್ರಷ್ಷಿನಲ್ಲಿ. ಧಾರಾಳವಾಗಿ ಸುರಿದರೆ ಕಾಗದ ನೀರು ಕುಡಿದು ಸುಕ್ಕಾಗುತ್ತದೆ. ಅಂಟಿಸಿದ ಮೇಲೆ ಮೇಲೊಂದು ಕೆಳಗೊಂದು ಬಟರ್ ಪೇಪರ್ ಇಟ್ಟು ದಪ್ಪ ಪುಸ್ತಕಗಳನ್ನು ಹೇರಿ ಒಂದು ರಾತ್ರಿ ಬಿಡಿ. ಸೆಲ್ಲೋಟೇಪ್ ಮಾತ್ರ ಬೇಡವೇ ಬೇಡ. ಕೆಲವೇ ವರ್ಷಕ್ಕೆ ಟೇಪು ಉದುರಿಹೋಗುತ್ತದೆ, ಅದರ ಅಂಟು ಕಂದು ಕಲೆಯಾಗಿ ಕೂತುಬಿಡುತ್ತದೆ.

ಇನ್ನು ಫೋಟೊಗೆ ಅಂಟೇ ಬೇಡ. ನಮ್ಮ ಅಜ್ಜಿ ಕಾಲದ ಕಪ್ಪು ಹಾಳೆಯ ಆಲ್ಬಂ ನೆನಪಿದೆಯಾ? ನಾಲ್ಕು ಮೂಲೆಗೆ ಪುಟ್ಟ ತ್ರಿಕೋನದ ಜೇಬು, ನಡುವೆ ಜೇಡರ ಬಲೆಯ ಚಿತ್ತಾರದ ತೆಳು ಹಾಳೆ. ಫೋಟೊ ಬೇಕೆಂದಾಗ ಹೊರಗೆ ಬರುತ್ತಿತ್ತು, ಹಿಂದೆ ಏನು ಬರೆದಿದೆ ಅಂತ ನೋಡಬಹುದಿತ್ತು. ಅದಕ್ಕಿಂತ ಜಾಣ ಉಪಾಯ ಇನ್ನೂ ಬಂದಿಲ್ಲ. ಆ ಮೂಲೆಗಳನ್ನು ಒಳ್ಳೆ ಕಾಗದದ ಪಟ್ಟಿ ಮಡಚಿ ನೀವೇ ಮಾಡಿಕೊಳ್ಳಬಹುದು.

ನಾನು ದಿನಾ ಶ್ರೀರಂಗಪಟ್ಟಣದಿಂದ ಮೈಸೂರಿಗೆ ಕಾಲೇಜಿಗೆ ಬಸ್ಸಲ್ಲಿ ಹೋಗುತ್ತಿದ್ದೆ. ಆ ಟಿಕೆಟ್‌ಗಳನ್ನೆಲ್ಲ ಇಟ್ಟುಕೊಂಡಿದ್ದೆ. ಈಗ ನೋಡಿದರೆ ಬಿಳಿ ಚೀಟಿಗಳು, ಅಕ್ಷರವೇ ಇಲ್ಲ! ಮತ್ತೆ ಬರಿಸಲು ಆಗುತ್ತಾ?
— ಶ್ರೀರಂಗಪಟ್ಟಣ

ಆಗಲ್ಲಮ್ಮ. ಕಂಡಕ್ಟರ್ ಕೈಯಲ್ಲಿರುವ ಮಿಷಿನ್ನಿನಲ್ಲಿ ಶಾಯಿಯೇ ಇರುವುದಿಲ್ಲ. ಕಾಗದಕ್ಕೆ ಬಿಸಿ ತಾಗಿದ ಕಡೆ ಕಪ್ಪಾಗುವ ಲೇಪ ಇರುತ್ತದೆ, ಮಿಷಿನ್ನು ಬಿಸಿ ಮುಟ್ಟಿಸಿ ಅಕ್ಷರ ಮೂಡಿಸುತ್ತದೆ. ಹಾಗೆ ಬಂದದ್ದು ಹಾಗೇ ಹೋಗುತ್ತದೆ. ಬಿಸಿಲು, ಸೆಕೆ, ಪ್ಲಾಸ್ಟಿಕ್ ಕವರು, ಟೇಪಿನ ಅಂಟು, ಇಷ್ಟರಲ್ಲಿ ಯಾವುದು ಸಿಕ್ಕಿದರೂ ಸಾಕು. ಎಟಿಎಂ ಚೀಟಿ, ಹೋಟೆಲ್ ಬಿಲ್ಲು, ಸಿನಿಮಾ ಟಿಕೆಟ್ಟಿನದೂ ಹೆಚ್ಚಾಗಿ ಇದೇ ಕಥೆ. ಲ್ಯಾಮಿನೇಷನ್ ಮಾಡಿಸಿದರೆ ಉಳಿಯಬಹುದು ಅಂತ ಕೆಲವರು ಓಡುತ್ತಾರೆ. ಅದು ಬಿಸಿ ರೋಲರ್ರು, ಟಿಕೆಟ್ಟು ಪೂರ್ತಿ ಕಪ್ಪಾಗಿ ಹೊರಗೆ ಬರುತ್ತದೆ.

ಇನ್ನು ಮುಂದೆ ಟಿಕೆಟ್ ಸಿಕ್ಕ ದಿನವೇ ಫೋಟೊಕಾಪಿ ಮಾಡಿಸಿ, ಕಾಪಿಯನ್ನೇ ಅಂಟಿಸಿ. ಜೆರಾಕ್ಸಿನ ಕಪ್ಪು ಪುಡಿ ಕಾಗದಕ್ಕೆ ಕರಗಿ ಕೂತಿರುತ್ತದೆ, ಬೇಗ ಮಾಸುವುದಿಲ್ಲ. ಹಳೇ ಕಾಲದ ಟಿಕೆಟ್, ಕಂಡಕ್ಟರ್ ಪುಸ್ತಕದಿಂದ ಹರಿದು ತೂತು ಹೊಡೆದು ಕೊಡುತ್ತಿದ್ದರಲ್ಲ ಬಣ್ಣಬಣ್ಣದ್ದು, ಅದು ನಿಮ್ಮ ಅಪ್ಪನ ಹತ್ತಿರ ಇದ್ದರೆ ಹಾಗೇ ಅಂಟಿಸಿ, ಅದು ಶಾಯಿಯ ಮುದ್ರಣ. ರೈಲಿನ ಆ ಪುಟ್ಟ ರಟ್ಟಿನ ಟಿಕೆಟ್ಟೂ ಅಷ್ಟೆ. ಬಿಳಿಯಾದ ಟಿಕೆಟ್‌ಗಳನ್ನು ಎಸೆಯಬೇಡಿ. ಒಂದನ್ನು ಅಂಟಿಸಿ ಕೆಳಗೆ 'ಮೂರು ವರ್ಷ ಓಡಾಡಿದ ದಾರಿ' ಅಂತಲೋ ಏನೋ ಬರೆಯಿರಿ. ನನಗಂತೂ ಅಕ್ಷರ ಇರುವುದಕ್ಕಿಂತ ಅದೇ ಇಷ್ಟವಾಗುತ್ತಿತ್ತು.

ನಮ್ಮ ಮದುವೆ ಫೋಟೊಗಳು ಪ್ಲಾಸ್ಟಿಕ್ ಹಾಳೆ ಎತ್ತಿ ಒಳಗೆ ಅಂಟಿಸುವ ಆಲ್ಬಂನಲ್ಲಿವೆ. ಈಗ ಕೀಳಲು ಹೋದರೆ ಬರುವುದೇ ಇಲ್ಲ, ಒಂದು ಹರಿದೂ ಹೋಯಿತು. ಏನು ಮಾಡಲಿ?
— ನಂಜನಗೂಡು

ಮೊದಲು ಕೀಳುವುದನ್ನು ನಿಲ್ಲಿಸಿ. ನನ್ನದೂ ಇದೇ ಗೋಳು. ಬಾಣಂತನ, ನಾಮಕರಣ, ಮೊದಲ ದಸರಾ, ಎಲ್ಲವನ್ನೂ ಆ ಆಲ್ಬಂನಲ್ಲೇ ಹಾಕಿದ್ದೆ. ಕೊಟ್ಟ ಅಂಗಡಿಯವರು 'ಲೈಫ್‌ಲಾಂಗ್ ಇರುತ್ತೆ ಮೇಡಂ' ಅಂದಿದ್ದರು. ಮಾತು ತಪ್ಪಲಿಲ್ಲ, ಫೋಟೊಗಳು ಇನ್ನೂ ಅಲ್ಲೇ ಇವೆ, ಬರುತ್ತಿಲ್ಲ.

ಆ ಪುಟಗಳಲ್ಲಿ ಗೆರೆಗೆರೆಯಾಗಿ ಅಂಟು ಬಳಿದಿರುತ್ತಾರೆ, ಕಾಲ ಕಳೆದಂತೆ ಅದು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಮೇಲಿನ ಹಾಳೆ ಪಿವಿಸಿ ಅನ್ನುವ ಪ್ಲಾಸ್ಟಿಕ್ಕಿನದಾಗಿದ್ದರೆ ಅದರಿಂದಲೂ ಫೋಟೊಗೆ ಕೇಡು. ಆದ್ದರಿಂದ ಹೀಗೆ ಮಾಡಿ. ಆಲ್ಬಂ ಹೇಗಿದೆಯೋ ಹಾಗೇ, ಪುಟಪುಟವನ್ನೂ ಮೊದಲು ಮೊಬೈಲ್‌ನಲ್ಲಿ ತೆಗೆದುಕೊಳ್ಳಿ. ಕಿಟಕಿಯ ಬೆಳಕಲ್ಲಿ, ಫ್ಲ್ಯಾಶ್ ಇಲ್ಲದೆ. ಆಮೇಲೆ ಹಲ್ಲಿನ ಸಂದಿ ಕ್ಲೀನ್ ಮಾಡುವ ದಾರ ಮೆಡಿಕಲ್ ಶಾಪಿನಲ್ಲಿ ಸಿಗುತ್ತದಲ್ಲ, ಮೇಣ ಹಚ್ಚದೇ ಇರುವುದು, ಅದನ್ನು ಎರಡೂ ಕೈಯಲ್ಲಿ ಬಿಗಿ ಹಿಡಿದು ಫೋಟೊದ ಮೂಲೆಯ ಕೆಳಗಿನಿಂದ ಗರಗಸ ಎಳೆದ ಹಾಗೆ ಮೆಲ್ಲಗೆ ಎಳೆಯುತ್ತಾ ಬನ್ನಿ. ಬಾಗಬೇಕಾದ್ದು ಆಲ್ಬಂ ಪುಟ, ಫೋಟೊ ಅಲ್ಲ. ತುಂಬಾ ಹಿಡಿದಿದ್ದರೆ ಹೇರ್ ಡ್ರೈಯರ್ ಕಡಿಮೆ ಬಿಸಿಯಲ್ಲಿಟ್ಟು ಪುಟದ ಹಿಂದಿನಿಂದ ಸ್ವಲ್ಪ ಹೊತ್ತು ತೋರಿಸಿ. ಅಷ್ಟಕ್ಕೂ ಬರದಿದ್ದರೆ ಫೋಟೊ ಸುತ್ತ ಪುಟವನ್ನೇ ಕತ್ತರಿಸಿ ಇಟ್ಟುಕೊಳ್ಳಿ. ಹಟ ಮಾಡಬೇಡಿ.

ಗೋಡೆಗೆ ಹಾಕಿದ ಫೋಟೊ ಗಾಜಿಗೆ ಅಂಟಿಕೊಂಡಿದೆ ಅಂತ ಇನ್ನೂ ಮೂರು ಜನ ಬರೆದಿದ್ದೀರಿ. ಫೋಟೊದ ಮೇಲ್ಪದರ ಜೆಲಟಿನ್ನಿನದು, ತೇವ ಹೀರಿ ಮೆತ್ತಗಾಗಿ ಗಾಜಿಗೆ ಕಚ್ಚಿಕೊಂಡಿರುತ್ತದೆ. ಅದನ್ನು ಮನೆಯಲ್ಲಿ ಬಿಡಿಸಲು ಹೋಗಬೇಡಿ, ಮುಖವೇ ಗಾಜಿನ ಮೇಲೆ ಉಳಿದುಬಿಡುತ್ತದೆ. ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಿಸಿ.

ನಗಬೇಡಿ. ನಾನು ನಮ್ಮವರನ್ನು ಮೊದಲು ನೋಡಿದ್ದು ಬೆಂಗಳೂರು ಟ್ರೈನಲ್ಲಿ. ಅವತ್ತು ಅವರು ಕೊಡಿಸಿದ ಮದ್ದೂರು ವಡೆ ಕಟ್ಟಿದ್ದ ಕಾಗದ ಇನ್ನೂ ನನ್ನ ಹತ್ತಿರ ಇದೆ. ಸ್ಕ್ರ್ಯಾಪ್‌ಬುಕ್‌ಗೆ ಹಾಕಬಹುದಾ?
— ಮದ್ದೂರು

ನಗಲಿಲ್ಲ, ಆದರೆ ಪತ್ರವನ್ನು ಮನೆಯವರಿಗೆಲ್ಲ ಓದಿ ಹೇಳಿದೆ, ಕ್ಷಮಿಸಿ. ಎಣ್ಣೆ ಕಾಗದವನ್ನು ನೇರವಾಗಿ ಅಂಟಿಸಬೇಡಿ. ಎಣ್ಣೆ ಪಕ್ಕದ ಪುಟಕ್ಕೆ ಇಳಿಯುತ್ತದೆ, ಇರುವೆ ಜಿರಲೆಗಳಿಗೆ ಕರೆಯೋಲೆ ಬೇರೆ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರು ತನ್ನಿ, ಪಿವಿಸಿ ಬೇಡ. ಪಿವಿಸಿ ಹೇಗೆ ಗೊತ್ತಾಗುತ್ತದೆ ಅಂದರೆ, ಹೊಸ ಮಳೆಕೋಟಿನ ಥರ ಘಾಟು ವಾಸನೆ ಬರುತ್ತದೆ. ಕಾಗದವನ್ನು ಆ ಕವರಲ್ಲಿ ಹಾಕಿ, ಪುಸ್ತಕದ ಕೊನೆಯ ರಟ್ಟಿಗೆ ಒಂದು ಜೇಬು ಮಾಡಿ ಅದರೊಳಗಿಡಿ. ಒಳಪುಟದಲ್ಲಿ ಅದರ ಫೋಟೊ, ಕಥೆ. ಕಥೆಯನ್ನು ಇಬ್ಬರೂ ಬೇರೆ ಬೇರೆ ಬರೆಯಿರಿ, ಒಬ್ಬರದ್ದು ಒಬ್ಬರು ನೋಡದೆ.

ಮಗಳ ಸ್ಕೂಲಲ್ಲಿ ನಾಡಿದ್ದು ಸ್ಕ್ರ್ಯಾಪ್‌ಬುಕ್ ಕೊಡಬೇಕಂತೆ, ವಿಷಯ 'ನಮ್ಮ ಮೈಸೂರು'. ಬೇಗ ಏನಾದರೂ ಐಡಿಯಾ ಕೊಡಿ.
— ಸರಸ್ವತೀಪುರಂ, ಮೈಸೂರು

ಈ ಉತ್ತರ ಅಚ್ಚಾಗುವಷ್ಟರಲ್ಲಿ ನಾಡಿದ್ದು ಮುಗಿದುಹೋಗಿರುತ್ತದೆ, ಆದರೂ ಮುಂದಿನ ವರ್ಷಕ್ಕೆ ಇರಲಿ. ಅಂಗಡಿಯ ಅರಮನೆ ಚಾರ್ಟು ಕತ್ತರಿಸಿ ಅಂಟಿಸುವುದನ್ನು ನಲವತ್ತು ಮಕ್ಕಳೂ ಮಾಡಿರುತ್ತಾರೆ. ಮಗಳನ್ನು ಕರೆದುಕೊಂಡು ದೇವರಾಜ ಮಾರುಕಟ್ಟೆಗೆ ಹೋಗಿ. ಕುಂಕುಮದ ಅಂಗಡಿಯ ಬಣ್ಣಗಳ ಗುಡ್ಡೆ ನೋಡಿ ಅವಳೇ ಚಿತ್ರ ಬಿಡಿಸಲಿ. ಝೂ ಟಿಕೆಟ್ಟು (1892ರಿಂದ ಇದೆ ಅಂತ ಪಕ್ಕದಲ್ಲಿ ಬರೆಯಲಿ), ಅಗರಬತ್ತಿ ಪೊಟ್ಟಣದ ಮುಖ, ಒಂದು ಒಣಗಿದ ವೀಳ್ಯದೆಲೆ. ಅಜ್ಜಿ ವೋಟು ಹಾಕಿದ ಬೆರಳಿನ ಫೋಟೊ ಇದ್ದರೆ ಇನ್ನೂ ಚೆನ್ನ, ಆ ಶಾಯಿ ತಯಾರಾಗುವುದು ನಮ್ಮೂರಿನಲ್ಲೇ ಅಲ್ವಾ, 1937ರಲ್ಲಿ ಶುರುವಾದ ಕಾರ್ಖಾನೆಯಲ್ಲಿ. ಬರೆಯಲು ಸ್ಕೆಚ್ ಪೆನ್ ಬೇಡ, ಬಿಸಿಲಿಗೆ ಮಾಸುತ್ತದೆ, ನೀರು ಬಿದ್ದರೆ ಹರಡುತ್ತದೆ. ಪಿಗ್ಮೆಂಟ್ ಇಂಕಿನ ಪೆನ್ ಅಂತ ಕೇಳಿ. ಅಕ್ಷರ ಸೊಟ್ಟಗಿದ್ದರೂ ಅವಳದ್ದೇ ಇರಲಿ. ನೀವು ಬರೆಯಬೇಡಿ.

ನಮ್ಮ ಮೈಸೂರಿನ ಓರಿಯಂಟಲ್ ಇನ್‌ಸ್ಟಿಟ್ಯೂಟಿನಲ್ಲಿ ತಾಳೆಗರಿಗಳಿಗೆ ಮಜ್ಜಿಗೆ ಹುಲ್ಲಿನ ಎಣ್ಣೆ ಹಚ್ಚುತ್ತಾರೆ ಅಂತ ಓದಿದೆ. ನಾನೂ ನನ್ನ ಆಲ್ಬಂ ಪುಟಗಳಿಗೆ ಹಚ್ಚಬಹುದಾ? ಸಣ್ಣಗೆ ಬೆಳ್ಳಗೆ ಮಿನುಗುವ ಹುಳಗಳು ಓಡಾಡುತ್ತಿವೆ.
— ಚಾಮರಾಜಪುರಂ, ಮೈಸೂರು

ಅಯ್ಯೋ, ಬೇಡ! ಓದಿದ್ದು ನಿಜ. ಹಳೇ ತಾಳೆಗರಿ ಗ್ರಂಥಗಳನ್ನು ಕಾಪಾಡುವ, 1891ರಲ್ಲಿ ಶುರುವಾದ ಸಂಸ್ಥೆ ಅದು, ಪಂಡಿತ ಶಾಮಾಶಾಸ್ತ್ರಿಗಳಿಗೆ 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಪ್ರತಿ ಕಣ್ಣಿಗೆ ಬಿದ್ದಿದ್ದು ಅಲ್ಲೇ. ಆ ಎಣ್ಣೆಯಿಂದ ಹುಳ ದೂರವಿರುತ್ತದೆ, ಒಣಗಿದ ಗರಿಗೆ ಬಾಗುವ ಗುಣವೂ ಬರುತ್ತದೆ. ಆದರೆ ಅದು ತಾಳೆಗರಿ. ಕಾಗದಕ್ಕೆ ಎಣ್ಣೆ ಹಚ್ಚಿದರೆ ಏನಾಗುತ್ತದೆ ಅಂತ ಮೇಲೆ ಮದ್ದೂರಿನವರಿಗೆ ಹೇಳಿದೆನಲ್ಲ.

ನೀವು ನೋಡಿದ ಹುಳ ಸಿಲ್ವರ್‌ಫಿಶ್. ಅದಕ್ಕೆ ಬೇಕಾದ್ದು ಗಂಜಿ, ಅಂಟು, ಕಾಗದ, ಜೊತೆಗೆ ಕತ್ತಲೆ ಮತ್ತು ತೇವ. ಆಲ್ಬಂ ಅನ್ನು ನೆಲಕ್ಕೆ ತಾಗಿದ ಕಪಾಟಿನಿಂದ, ಬಚ್ಚಲ ಗೋಡೆಗೆ ಆತುಕೊಂಡ ಬೀರುವಿನಿಂದ ಮೊದಲು ತೆಗೆಯಿರಿ. ಅಟ್ಟವೂ ಬೇಡ, ಬೇಸಿಗೆಯಲ್ಲಿ ಅಲ್ಲಿ ಒಲೆ ಹತ್ತಿಸಿದ ಹಾಗಿರುತ್ತದೆ. ಮಲಗುವ ಕೋಣೆಯ ಒಳಗೋಡೆಯ ಬೀರು ಸರಿ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಡಬ್ಬಿಯಲ್ಲಿ ಹಾಕಿ. ಪೂರ್ತಿ ಒಣಗಿದ ಬೇವಿನೆಲೆಯನ್ನು ಬಟ್ಟೆಯಲ್ಲಿ ಕಟ್ಟಿ ಪಕ್ಕದಲ್ಲಿಡಬಹುದು, ಪುಟದ ನಡುವೆ ಬೇಡ. ನುಸಿಗುಳಿಗೆ ಕೆಲವು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ, ಮಕ್ಕಳು ಬಾಯಿಗೆ ಹಾಕಿಕೊಂಡರೆ ಅಪಾಯ, ನಾನು ಬಳಸುವುದಿಲ್ಲ. ಎಲ್ಲಕ್ಕಿಂತ ಒಳ್ಳೆ ಔಷಧಿ ಅಂದರೆ ತಿಂಗಳಿಗೊಮ್ಮೆ ಆಲ್ಬಂ ತೆಗೆದು ನೋಡುವುದು. ಗಾಳಿಯೂ ಆಡುತ್ತದೆ, ಹುಳಕ್ಕೂ ನೆಮ್ಮದಿ ಇರುವುದಿಲ್ಲ.

ಮದುವೆಯಲ್ಲಿ ಮುಡಿದ ಮಲ್ಲಿಗೆ, ಧಾರೆ ಸೀರೆಯ ಜರಿಯ ತುಂಡು ಪುಟಕ್ಕೆ ಹಾಕಬೇಕು ಅಂತ ಆಸೆ.
— ತಿ. ನರಸೀಪುರ

ಮಲ್ಲಿಗೆಯ ಆಸೆ ಬಿಡಿ. ನಮ್ಮೂರ ಹೂವೇ, ನಿಜ, ಆದರೆ ಒತ್ತಿ ಒಣಗಿಸಿದರೆ ಟೀ ಸೊಪ್ಪಿನ ಬಣ್ಣಕ್ಕೆ ತಿರುಗುತ್ತದೆ. ನೀರಿನಂಶ ಕಡಿಮೆ ಇರುವ ತೆಳು ಎಸಳುಗಳು ಚೆನ್ನಾಗಿ ನಿಲ್ಲುತ್ತವೆ: ಕಾಗದದ ಹೂವು (ಬೋಗನ್‌ವಿಲ್ಲಾ), ಕಾಸ್ಮಾಸ್, ಜರೀಗಿಡದ ಎಲೆ. ಹಳೇ ಪತ್ರಿಕೆಯ ನಡುವೆ ಇಟ್ಟು ಮೇಲೆ ಭಾರ ಹೇರಿ, ಮೊದಲ ವಾರ ದಿನಾ ಕಾಗದ ಬದಲಿಸಿ, ಎರಡು ಮೂರು ವಾರ ಬಿಡಬೇಕು. ಒಣಗುವ ಮೊದಲೇ ಅಂಟಿಸಿದರೆ ಬೂಷ್ಟು.

ಜರಿ ಹಾಕಿ, ಆದರೆ ಎದುರಿಗೆ ಬಟರ್ ಪೇಪರ್ ಇರಲಿ. ಒಳ್ಳೆ ಮೈಸೂರು ಸಿಲ್ಕಿನ ಜರಿ ಅಂದರೆ ಬೆಳ್ಳಿಯ ಎಳೆ, ಮೇಲೆ ಚಿನ್ನದ ಲೇಪ. ಬೆಳ್ಳಿ ಇದ್ದ ಮೇಲೆ ಒಂದಲ್ಲ ಒಂದು ದಿನ ಕಪ್ಪಾಗುವುದೇ. ಸೀರೆ ಕತ್ತರಿಸಬೇಡಿ ಮತ್ತೆ! ಕುಚ್ಚು ಕಟ್ಟಿಸುವಾಗ, ಬ್ಲೌಸ್ ಹೊಲಿಸುವಾಗ ಉಳಿದ ಚೂರನ್ನು ಟೈಲರ್ ಹತ್ತಿರ ಕೇಳಿ ಇಸಿದುಕೊಳ್ಳಿ.

ಮೊಬೈಲಲ್ಲಿ ಒಂಬತ್ತು ಸಾವಿರ ಫೋಟೊ ಇದೆ. ಎಲ್ಲಿಂದ ಶುರು ಮಾಡಲಿ?
— ಪಾಂಡವಪುರ

ಈ ತಿಂಗಳಿನಿಂದ. ಹಿಂದಿನದಕ್ಕೆ ಕೈ ಹಾಕಬೇಡಿ, ಮುಗಿಯುವುದಿಲ್ಲ. ತಿಂಗಳಿಗೆ ಐದು ಫೋಟೊ, 4 ಇಂಚು 6 ಇಂಚು ಅಳತೆಯಲ್ಲಿ, ಸ್ಟುಡಿಯೋ ಲ್ಯಾಬಿನಲ್ಲೇ ಪ್ರಿಂಟ್ ಹಾಕಿಸಿ. ಮನೆಯ ಇಂಕ್‌ಜೆಟ್ಟಿನದು ಎಷ್ಟೋ ಸಲ ಒಂದು ಹನಿ ನೀರಿಗೆ ಕಲಸಿಹೋಗುತ್ತದೆ.

ನಮ್ಮ ತಂದೆ ಬೆಳಗೊಳದ ಪೇಪರ್ ಮಿಲ್‌ನಲ್ಲಿ ಕೆಲಸಕ್ಕಿದ್ದರು. ಮಿಲ್ ಮುಚ್ಚಿ ಎಷ್ಟೋ ವರ್ಷವಾಯಿತು. ಅವರ ಗುರುತಿನ ಚೀಟಿ, ಸಂಬಳದ ಚೀಟಿಗಳು, ಒಂದು ಗ್ರೂಪ್ ಫೋಟೊ, ಮಿಲ್ ಬಗ್ಗೆ ಪತ್ರಿಕೆಯಲ್ಲಿ ಬಂದ ಕಟಿಂಗ್‌ಗಳು ಇವೆ. ಅವರಿಗೆ ಈಗ ವಯಸ್ಸಾಗಿದೆ. ಒಂದು ಪುಸ್ತಕ ಮಾಡಿಕೊಡೋಣ ಅಂತ.
— ಬೆಳಗೊಳ

ಇಡೀ ಕಟ್ಟಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಪತ್ರ ನಿಮ್ಮದು. ಕಾಗದ ಮಾಡಿದವರಿಗೆ ಕಾಗದದ ಪುಸ್ತಕ.

ಕಟಿಂಗ್‌ಗಳನ್ನು ಒಳ್ಳೆ ಹಾಳೆಯ ಮೇಲೆ ಜೆರಾಕ್ಸ್ ಮಾಡಿಸಿ ಅದನ್ನು ಅಂಟಿಸಿ, ಅಸಲು ಬೇರೆ ಕವರಲ್ಲಿರಲಿ. ಪತ್ರಿಕೆ ಕಾಗದದ ಗುಣ ಮೇಲೆ ಹೇಳಿದ್ದೇನೆ, ಅಥವಾ ನಿಮ್ಮ ತಂದೆಯವರನ್ನೇ ಕೇಳಿ, ನನಗಿಂತ ಚೆನ್ನಾಗಿ ಹೇಳಿಯಾರು. ಸಂಬಳದ ಚೀಟಿಗಳಿಗೆ ಹಾಕಿರುವ ಪಿನ್ನು, ಸ್ಟೇಪಲ್ ಎಲ್ಲ ತೆಗೆಯಿರಿ, ತುಕ್ಕು ಕಾಗದವನ್ನು ತಿನ್ನುತ್ತದೆ. ಗುರುತಿನ ಚೀಟಿಗೆ ಲ್ಯಾಮಿನೇಷನ್ ಬೇಡ. ನಮ್ಮಲ್ಲಿ ಮಾರ್ಕ್ಸ್ ಕಾರ್ಡಿನಿಂದ ಹಿಡಿದು ಜಾತಕದವರೆಗೆ ಎಲ್ಲವನ್ನೂ ಲ್ಯಾಮಿನೇಟ್ ಮಾಡಿಸುವ ಚಟ ಇದೆ. ಒಮ್ಮೆ ಮಾಡಿಸಿದರೆ ಬಿಡಿಸಲು ಬರುವುದಿಲ್ಲ. ಕಾಗದದ ಮೂಲೆ ಮಾಡಿ ಕೂರಿಸಿ, ಬೇಕೆಂದಾಗ ಅವರು ಕೈಯಲ್ಲಿ ಹಿಡಿದು ನೋಡಲಿ. ಅಲಂಕಾರವೇನೂ ಬೇಡ ಈ ಪುಸ್ತಕಕ್ಕೆ, ನನ್ನ ಕೇಳಿದರೆ.

ಆದರೆ ಅಂಟು ಕತ್ತರಿಗಿಂತ ಮೊದಲು ಇನ್ನೊಂದು ಕೆಲಸ ಇದೆ. ಆ ಗ್ರೂಪ್ ಫೋಟೊವನ್ನು ಎ4 ಅಳತೆಗೆ ದೊಡ್ಡದು ಮಾಡಿ ಎರಡು ಜೆರಾಕ್ಸ್ ತೆಗೆಸಿ. ಅದರ ಮೇಲೆ ಪ್ರತಿಯೊಬ್ಬರ ತಲೆಗೂ ಒಂದೊಂದು ನಂಬರ್ ಹಾಕಿ, ಅಸಲಿನ ಮೇಲೆ ಅಲ್ಲ, ಪೆನ್ಸಿಲ್ ಒತ್ತಿದರೂ ಗೆರೆ ಬೀಳುತ್ತದೆ. ಭಾನುವಾರ ತಿಂಡಿ ಆದಮೇಲೆ ತಂದೆಯವರ ಪಕ್ಕ ಕೂತು ಒಂದನೇ ನಂಬರಿನಿಂದ ಕೇಳುತ್ತಾ ಬನ್ನಿ: ಇವರು ಯಾರು, ಯಾವ ಸೆಕ್ಷನ್, ಯಾವ ಊರಿನವರು. ಮೊಬೈಲ್‌ನಲ್ಲಿ ರೆಕಾರ್ಡಿಂಗ್ ಆನ್ ಇರಲಿ. ಒಬ್ಬರ ಹತ್ತಿರ ನಿಂತು ಬೇರೆ ಕಥೆಗೆ ಹೋದರೆ ಹೋಗಲಿ, ತಡೆಯಬೇಡಿ. ಹೆಸರು ನೆನಪಾಗದಿದ್ದರೆ ಆ ನಂಬರಿನ ಮುಂದೆ ಜಾಗ ಖಾಲಿ ಬಿಡಿ, ಎರಡನೇ ಜೆರಾಕ್ಸನ್ನು ಅವರ ದಿಂಬಿನ ಪಕ್ಕದಲ್ಲೇ ಬಿಟ್ಟು ಬನ್ನಿ. ರಾತ್ರಿ ಯಾವಾಗಲೋ ನೆನಪಾಗುತ್ತದೆ.